ಎಳನೀರು ಬೇಡ ಅಂದರೆ ಸಾಲದು, ಯಾಕೆ ಅಂತಲೂ ಹೇಳಬೇಕು

ನಾನು ಡಯಾಲಿಸಿಸ್ ಟೆಕ್ನಿಷಿಯನ್, ಅಂದರೆ ಕಿಡ್ನಿ ಕೆಲಸ ನಿಲ್ಲಿಸಿದವರ ರಕ್ತವನ್ನು ಮಷಿನ್ ಮೂಲಕ ಸೋಸುವ ಕೆಲಸ ನನ್ನದು. ನಮ್ಮಲ್ಲಿಗೆ ಬರುವ ಎಷ್ಟೋ ಮನೆಯವರು ರೋಗಿಗೆ ಅಂತ ಪ್ರೀತಿಯಿಂದ ಎಳನೀರು ತರುತ್ತಾರೆ. ತಂಪು, ಕಿಡ್ನಿಗೆ ಒಳ್ಳೆಯದು ಅನ್ನುವ ನಂಬಿಕೆ. ಕಿಡ್ನಿ ಚೆನ್ನಾಗಿರುವವರು ಕುಡಿದರೆ ತೊಂದರೆ ಇಲ್ಲ. ಕಿಡ್ನಿ ಕೆಲಸ ನಿಲ್ಲಿಸಿದವರಿಗೆ ಅದು ಜೀವಕ್ಕೇ ಅಪಾಯ. ಸುಮ್ನೆ "ಕೊಡಬೇಡಿ" ಅಂದರೆ ಯಾರೂ ಕೇಳುವುದಿಲ್ಲ. ದೇಹದ ಒಳಗೆ ಏನಾಗುತ್ತದೆ ಅಂತ ಬಿಡಿಸಿ ಹೇಳಿದರೆ ಕೇಳುತ್ತಾರೆ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿಷಯ ಇದೇ.

ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಹೆಚ್ಚಾದದ್ದನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿ ನಿಂತರೆ ಅದು ರಕ್ತದಲ್ಲೇ ಉಳಿಯುತ್ತದೆ. ಹೃದಯ ಬಡಿಯುವುದು ಅದರ ಸ್ನಾಯುವಿನಲ್ಲಿ ಹರಿಯುವ ಸಣ್ಣ ವಿದ್ಯುತ್ತಿನಿಂದ, ಆ ವಿದ್ಯುತ್ತು ಸರಿಯಾಗಿರಬೇಕಾದರೆ ಪೊಟ್ಯಾಸಿಯಂ ಲೆಕ್ಕ ತಪ್ಪಬಾರದು. ರಕ್ತದ ರಿಪೋರ್ಟಿನಲ್ಲಿ 3.5ರಿಂದ 5ರೊಳಗೆ ಇರಬೇಕಾದದ್ದು 6.5, 7 ಆದರೆ ಬಡಿತ ಏರುಪೇರಾಗಿ ಹೃದಯ ನಿಂತೇ ಹೋಗಬಹುದು, ಅದೂ ಕೆಲವೊಮ್ಮೆ ಯಾವ ಸೂಚನೆಯನ್ನೂ ಕೊಡದೆ. ಇಷ್ಟು ಹೇಳಿದರೆ ಸಾಕು, "ಹಂಗಾದ್ರೆ ಬಾಳೆಹಣ್ಣು? ಟೊಮ್ಯಾಟೊ ಸಾರು?" ಅಂತ ಅವರೇ ಕೇಳುತ್ತಾರೆ. ತರಕಾರಿಯನ್ನು ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿದರೆ ಪೊಟ್ಯಾಸಿಯಂ ಸ್ವಲ್ಪ ಕಡಿಮೆಯಾಗುತ್ತದೆ ಅಂತ ಆಗ ಹೇಳಿಕೊಡಬಹುದು.

ನೀರಿನ ವಿಷಯ ಇನ್ನೂ ಕಷ್ಟ. ಆರೋಗ್ಯವಾಗಿರುವ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ರಕ್ತಕ್ಕೇ ವಾಪಸ್ ಕೊಟ್ಟು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ಮೂತ್ರವೇ ಹೋಗದವರಲ್ಲಿ ಕುಡಿದದ್ದು ಬಹುಪಾಲು ಒಳಗೇ ನಿಲ್ಲುತ್ತದೆ. ಒಂದು ಲೀಟರ್ ನಿಂತರೆ ತೂಕ ಒಂದು ಕೆಜಿ ಏರಿತು ಅಂತಲೇ ಲೆಕ್ಕ. ಮೊದಲು ಕಾಲು ಊದುತ್ತದೆ, ಬಿಪಿ ಏರುತ್ತದೆ, ಆಮೇಲೆ ಹೃದಯಕ್ಕೆ ಭಾರವಾಗಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. "ರಾತ್ರಿ ಮಲಗೋಕೇ ಆಗಲ್ಲ, ಕೂತ್ಕೊಂಡೇ ಇರ್ತೀನಿ" ಅಂತ ಯಾರಾದರೂ ಅಂದರೆ ನಾವು ಅದನ್ನು ತಕ್ಷಣ ಡಾಕ್ಟರಿಗೆ ಹೇಳಿ, ತೂಕ ನೋಡುತ್ತೇವೆ.

"ಮಷಿನ್ ಇದೆಯಲ್ಲ, ಎಲ್ಲಾ ತೆಗೆದುಬಿಡಿ" ಅನ್ನುತ್ತಾರೆ. ಮಷಿನ್ ನೀರು ತೆಗೆಯುವುದು ರಕ್ತದಿಂದ ಮಾತ್ರ. ಕಾಲಲ್ಲಿ, ಹೊಟ್ಟೆಯಲ್ಲಿ ನಿಂತ ನೀರು ನಿಧಾನವಾಗಿ ರಕ್ತನಾಳಕ್ಕೆ ಬರಬೇಕು. ನಾಲ್ಕೈದು ಕೆಜಿ ಏರಿಸಿಕೊಂಡು ಬಂದವರಿಗೆ ನಾಲ್ಕು ಗಂಟೆಯಲ್ಲಿ ಅಷ್ಟನ್ನೂ ಎಳೆಯಲು ಹೋದರೆ ಅದು ಬರುವ ಮೊದಲೇ ಬಿಪಿ ಬಿದ್ದು, ಮೀನಖಂಡ ಹಿಡಿದುಕೊಂಡು ನರಳುತ್ತಾರೆ. ಅದನ್ನು ನೋಡುವುದು ನಮಗೂ ಸಂಕಟ. ಅದಕ್ಕೇ ನಾನು ನೀರಿಗಿಂತ ಮೊದಲು ಉಪ್ಪಿನ ಮಾತು ಎತ್ತುತ್ತೇನೆ. ಉಪ್ಪಿನಕಾಯಿ, ಹಪ್ಪಳ ತಿಂದವರಿಗೆ ಬಾಯಾರಿಕೆ ತಡೆಯಲು ಆಗುವುದಿಲ್ಲ.

ಕಿಡ್ನಿ ಕಾಯಿಲೆಗೆ ರಕ್ತ ಯಾಕೆ ಕಡಿಮೆ ಅನ್ನುವುದೂ ಎಲ್ಲರ ಪ್ರಶ್ನೆ. ಕೆಂಪು ರಕ್ತಕಣ ಮಾಡು ಅಂತ ಮೂಳೆಯ ಮಜ್ಜೆಗೆ ಹೇಳುವ ಹಾರ್ಮೋನು ಬಹುತೇಕ ಕಿಡ್ನಿಯಿಂದಲೇ ಬರಬೇಕು. ನಾವು ಕೊಡುವ ಇಂಜೆಕ್ಷನ್ ಆ ಹಾರ್ಮೋನೇ.

ಮಂಗಳ, ಗುರು, ಶನಿ ಬರುವವರಿಗೆ ಭಾನುವಾರ, ಸೋಮವಾರ ಎರಡೂ ದಿನ ಡಯಾಲಿಸಿಸ್ ಇಲ್ಲ. ವಾರದಲ್ಲಿ ಜಾಸ್ತಿ ಅಪಾಯ ಇರುವುದು ಈ ಅಂತರದಲ್ಲೇ. ಭಾನುವಾರ ಮದುವೆ ಊಟ, ಹಬ್ಬದ ಊಟ ಇದೆ ಅಂತ ಗೊತ್ತಾದರೆ ಶನಿವಾರ ಸೂಜಿ ತೆಗೆಯುವ ಮೊದಲೇ ಎಲೆಯಲ್ಲಿ ಏನು ತಿನ್ನಬಹುದು, ಏನು ಬಿಡಬೇಕು ಅಂತ ಕೂತು ಮಾತಾಡುತ್ತೇವೆ.