ಭಾವನ ಪದ್ಮಿನಿ: ಏಳನೇ ಸಲ ಬೆಟ್ಟ ಹತ್ತಿತು

ಹತ್ತಿತು, ಭಾವನ ಹಳೇ ಪದ್ಮಿನಿ ಕಾರು. ತಾವರೆಕಟ್ಟೆಯಿಂದ ಚಾಮುಂಡಿ ಬೆಟ್ಟದ ಮೇಲಿನವರೆಗೆ ಒಂದು ಸಲವೂ ಕೆಮ್ಮದೆ, ಎರಡನೇ ಗೇರಿನಲ್ಲಿ ಗೊಣಗಿಕೊಂಡೇ ಹತ್ತಿತು. ಇದು ಏಳನೇ ಪ್ರಯತ್ನ. ಮೊದಲ ಆರು ಸಲವೂ ಹೆಚ್ಚುಕಡಿಮೆ ಒಂದೇ ತಿರುವಿನಲ್ಲಿ ನಿಂತಿತ್ತು. ಅಲ್ಲಿ ಸೌತೆಕಾಯಿ ಮಾರುವ ಹುಡುಗ ದೂರದಿಂದಲೇ ನಮ್ಮನ್ನು ನೋಡಿ, 'ಅಣ್ಣಾ, ಇವತ್ತೂನಾ?' ಅಂತ ಕೇಳುವ ಮಟ್ಟಕ್ಕೆ ಬಂದಿದ್ದ.

ಭಾವ ಹೋಗಿ ಹನ್ನೊಂದು ತಿಂಗಳಾಯಿತು. ಅವರು ನಿಜವಾಗಿ ಭಾವ ಆಗಿದ್ದದ್ದು ಹಳೇ ಗಾಡಿ ಹುಚ್ಚಿನ ನಮ್ಮ ಭಾನುವಾರದ ಗುಂಪಿನಲ್ಲಿ ಒಬ್ಬನಿಗೆ ಮಾತ್ರ. ಅವನು ಕರೆದ, ನಾವೂ ಕರೆದೆವು. ಆಮೇಲೆ ಅವರ ಮನೆಯವರು ನಮಗೆಲ್ಲ ಅಕ್ಕ ಆದರು. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿಯಲ್ಲಿ ಇದ್ದವರು. 1996ರಲ್ಲಿ ಅದು ಮುಚ್ಚಿದ ಮೇಲೆ ಮನೆಯ ಹಿಂದೆ ಒಂದು ಶೀಟಿನ ಶೆಡ್ ಹಾಕಿಕೊಂಡರು. ನಮ್ಮ ಗಾಡಿಗಳೆಲ್ಲ ಒಂದಲ್ಲ ಒಂದು ದಿನ ಆ ಶೆಡ್ಡಿನಲ್ಲಿ ಮಲಗಿ ಎದ್ದವೇ. ಅವರನ್ನು ಕಳಿಸಿಕೊಡುವ ದಿನ ಹನ್ನೊಂದು ಹಳೇ ಕಾರು ಹಿಂದೆ ಹೊರಟೆವು. ಎರಡನ್ನು ತಳ್ಳಬೇಕಾಯಿತು. ಅವರಿದ್ದಿದ್ದರೆ ತಳ್ಳುವವರ ಜೊತೆ ಬಂದು ನಿಂತು, 'ಚೋಕ್ ಎಳೆದ್ಯೇನೋ?' ಅಂತ ಕೇಳುತ್ತಿದ್ದರು.

ಅಕ್ಕ ನನಗೆ ಕೀ ಕೊಟ್ಟು ಹೇಳಿದ್ದು ಇಷ್ಟೇ: 'ವರ್ಷದ ಕಾರ್ಯಕ್ಕೆ ಮುಂಚೆ ಅವರ ಗಾಡೀಲಿ ಒಂದ್ಸಲ ಬೆಟ್ಟಕ್ಕೆ ಕರ್ಕೊಂಡ್ ಹೋಗು.'

ಗಾಡಿ 1978ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ, ಸ್ಟೀರಿಂಗ್ ಪಕ್ಕದ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬ್ರೇಕ್ ಕಿಟ್, ಟ್ಯಾಂಕ್ ತೊಳೆದದ್ದು, ಸೋಲೆಕ್ಸ್ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿದ್ದು, ಇದೆಲ್ಲ ನಿಮಗೆ ಗೊತ್ತಿರೋದೇ, ಬಿಡಿ. ಪೆಟ್ರೋಲ್ ಪೈಪ್ ಗಟ್ಟಿಯಾಗಿತ್ತು, ಹೊಸದು ಹಾಕಿದೆ. ಈ ವಾಕ್ಯ ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಸಮತಟ್ಟು ರಸ್ತೆಯಲ್ಲಿ ಗಾಡಿ ಬೆಣ್ಣೆ. ನಂಜನಗೂಡಿಗೆ ಹೋಗಿ ಬಂದೆ, ತಕರಾರಿಲ್ಲ. ಬೆಟ್ಟಕ್ಕೆ ತಿರುಗಿಸಿ ಸ್ವಲ್ಪ ಹೊತ್ತು ಏರಿತೋ ಇಲ್ಲವೋ, ಎಳೆತ ಕಡಿಮೆ, ಎರಡು ಜರ್ಕು, ಆಫ್. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಯಾರನ್ನು ಕೇಳಿದರೂ ವೇಪರ್ ಲಾಕ್ ಅಂದರು, ಅಂದರೆ ಬಿಸಿಗೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಹರಿಯದೆ ನಿಲ್ಲುವುದು. ನಾನೂ ಅದನ್ನೇ ಅಂದುಕೊಂಡೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿದೆ. ಪೈಪು ಎಂಜಿನ್ನಿಗೆ ತಾಗದ ಹಾಗೆ ದೂರ ಕಟ್ಟಿದೆ. ಪಂಪಿನ ಡಯಾಫ್ರಾಮ್ ಬದಲಿಸಿದೆ. ಎರಡನೇ, ಮೂರನೇ ಸಲವೂ ಅದೇ ತಿರುವು, ಅದೇ ಸೌತೆಕಾಯಿ.

ಹಾಗಾದರೆ ಇಗ್ನಿಷನ್, ಅಂದರೆ ಪೆಟ್ರೋಲಿಗೆ ಕಿಡಿ ಹಚ್ಚುವ ಕರೆಂಟಿನ ಕಡೆ ಇರಬೇಕು, ಬಿಸಿಗೆ ಅದರ ಕಂಡೆನ್ಸರ್ ಕೈಕೊಡುತ್ತಿರಬೇಕು ಅಂತ ಹೊರಟೆ. ಇಲ್ಲಿಂದ ಶುರುವಾಯಿತು ಬೆಂಗಳೂರು ಯಾತ್ರೆ. ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿಯಿಂದ ಮೂರು ಕಂಡೆನ್ಸರ್ ತಂದೆ. ಡಬ್ಬಿಗಳ ಬಣ್ಣ ಬೇರೆ ಬೇರೆ, ಒಳಗಿನ ಮಾಲು ಒಂದೇ. ಮೂರನ್ನೂ 'ಹಳೇ ಸ್ಟಾಕು ಸಾರ್, ಒರಿಜಿನಲ್' ಅಂತಲೇ ಕೊಟ್ಟರು. ಒಂದರ ವೈರು ಪ್ಯಾಕೆಟ್ಟಿನಲ್ಲೇ ಕಿತ್ತು ಬಂದಿತ್ತು. ಕಾಯಿಲ್ ಬದಲಾಯಿತು. ಪಾಯಿಂಟ್ ಗ್ಯಾಪ್ ಕನಸಿನಲ್ಲೂ ಅಳೆದೆ. ಗಾಡಿ ನಾಲ್ಕನೇ ಸಲ, ಐದನೇ ಸಲ ನಿಂತಿತು.

ಐದನೇ ಸಲದ ಬೇಜಾರಿನಲ್ಲಿ ಶೆಡ್ಡಿಗೆ ಹೋಗಿ ಸುಮ್ನೆ ಕೂತಿದ್ದೆ. ಮೂಲೆಯಲ್ಲಿ ಭಾವನ ಜಾವಾ 250 ಇದೆ, ಟಾರ್ಪಾಲ್ ಹೊದ್ದುಕೊಂಡು. ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿ ಇರುವ ಗಾಡಿ. ಹಿಂದಕ್ಕೆ ತಿರುಗಿಸಿ ಒದ್ದರೆ ಕಿಕ್, ಮುಂದಕ್ಕೆ ತಂದರೆ ಗೇರ್. ಲಿವರನ್ನು ಒಳಗೆ ಒತ್ತಿ ತಿರುಗಿಸಿ ನೋಡಿದೆ, ಎಂಜಿನ್ ಸೀಜ್ ಆಗಿಲ್ಲ. ಪೆಟ್ರೋಲ್ ಟ್ಯಾಂಕಿನ ಕ್ರೋಮ್ ಇನ್ನೂ ಮುಖ ಕಾಣಿಸುತ್ತದೆ. ಎರಡೂ ಸೈಲೆನ್ಸರ್ ಸಿಗಾರಿನ ಹಾಗೆ ಹಾಗೇ ಇವೆ, ಒಳಗಿನ ಕಾರ್ಬನ್ ಸುಟ್ಟು ತೆಗೆಯಬೇಕು. ಮುಂದಿನ ಕೆಲಸ ಇದೇ ಅಂತ ಅಲ್ಲೇ ತೀರ್ಮಾನ ಮಾಡಿ, ಬೇಕಾದ ಸಾಮಾನು ಬರೆಯೋಣ ಅಂತ ಚೀಟಿ ಹುಡುಕಿದೆ. ಸಿಕ್ಕಿದ್ದು ಭಾವನ ಪಾಕೆಟ್ ಡೈರಿ.

ನಮ್ಮೆಲ್ಲರ ಗಾಡಿಗೂ ಒಂದೊಂದು ಪುಟ, ಆಸ್ಪತ್ರೆ ಚೀಟಿಯ ಹಾಗೆ. ಯಾವ ದಿನ ಏನು ಕಾಯಿಲೆ, ಏನು ಮಾಡಿದರು, ವಾಸಿಯಾಯಿತೋ ಇಲ್ಲವೋ. ನನ್ನ ಫಿಯೆಟ್ಟಿನ ಪುಟದಲ್ಲಿ ಹೀಗಿತ್ತು: 'ಗಾಡಿಗೆ ಏನಿಲ್ಲ. ಓನರ್‌ಗೆ ಅವಸರ.' ಇನ್ನೊಬ್ಬರ ಪುಟದಲ್ಲಿ ಅಡ್ಡಗೆರೆ ಎಳೆದು, 'ಗ್ಲೂಕೋಸ್ ಹಾಕಿ ನೋಡಿದೆ. ಕರೆಂಟ್ ಸರಿ. ಹಿಂದೆ ಹುಡುಕಬೇಕು.'

ಗ್ಲೂಕೋಸ್! ಅದನ್ನು ಹೇಗೆ ಮರೆತೆನೋ. ಟ್ಯಾಂಕು, ಪಂಪು ಎರಡನ್ನೂ ಬಿಟ್ಟು, ಎತ್ತರದಲ್ಲಿ ಹಿಡಿದ ಬಾಟಲಿಯಿಂದ ಕಾರ್ಬ್ಯುರೇಟರಿಗೆ ನೇರ ಪೆಟ್ರೋಲ್ ಬಿಡುವುದು. ಆಗಲೂ ನಿಂತರೆ ತಪ್ಪು ಕರೆಂಟಿನದು ಅಥವಾ ಕಾರ್ಬ್ಯುರೇಟರಿನದು. ಓಡಿದರೆ ತಪ್ಪು ಅದರ ಹಿಂದಿನದು. ಭಾವನ ನಿಜವಾದ ಭಾಮೈದ ಪಕ್ಕದ ಸೀಟಿನಲ್ಲಿ ಕೂತು, ಒಂದು ಲೀಟರ್ ಬಾಟಲಿಯನ್ನು ಕಿಟಕಿಯಿಂದ ಆಚೆ ಎತ್ತಿ ಹಿಡಿದ, ವಾರ್ಡಿನಲ್ಲಿ ರೋಗಿ ಜೊತೆ ನಡೆಯುವವರ ಹಾಗೆ. ತೊಡೆಯ ಮೇಲೆ ಬೆಂಕಿ ಆರಿಸುವ ಸಿಲಿಂಡರು. ಬೆಳಗಿನ ಜಾವ, ರಸ್ತೆ ಖಾಲಿ. ನೀವು ದಯವಿಟ್ಟು ಮಾಡಬೇಡಿ, ಬೈಸಿಕೊಳ್ಳೋದು ನಾನೊಬ್ಬನೇ ಸಾಕು. ಆ ತಿರುವನ್ನು ಗಾಡಿ ಸಲೀಸಾಗಿ ದಾಟಿತು. ಇನ್ನೂ ಮೇಲಕ್ಕೆ ಹೋಗಿ, ಬಾಟಲಿ ಖಾಲಿಯಾಗುವ ಮುಂಚೆ ತಿರುಗಿಸಿಕೊಂಡು ಇಳಿದೆವು. ಅರ್ಧದಿಂದ ಇಳಿದದ್ದಕ್ಕೆ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅಂದರೆ ಮೂರು ಕಂಡೆನ್ಸರೂ ದಂಡ.

ಹಿಂದೆ ಏನಿದೆ? ಪಂಪು ಹೊಸ ಡಯಾಫ್ರಾಮಿನದು. ಐಡ್ಲಿಂಗಿನಲ್ಲಿ ಲೋಟಕ್ಕೆ ಬಿಟ್ಟು ನೋಡಿದೆ, ಚೆನ್ನಾಗೇ ಬಂತು. ಪಂಪಿನ ಕಡೆಯಿಂದ ಪೈಪು ಕಳಚಿ ಊದಿದೆ, ಹಿಂದೆ ಟ್ಯಾಂಕಿನಲ್ಲಿ ಗುಳುಗುಳು ಅಂತು. 'ಲೈನ್ ಕ್ಲಿಯರ್' ಅಂತ ಧೈರ್ಯವಾಗಿ ಜೋಡಿಸಿ ಹೊರಟೆ. ಆರನೇ ಸಲವೂ ನಿಂತಿತು. ಸೌತೆಕಾಯಿ ಹುಡುಗ ಈ ಸಲ ಕಾಸು ತಗೊಳ್ಳಲಿಲ್ಲ.

ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಹೊಳೆಯಿತು. ಪೆಟ್ರೋಲ್ ಟ್ಯಾಂಕಿನಿಂದ ಮುಂದಕ್ಕೆ ಬರುತ್ತದೆ. ನಾನು ಊದಿದ್ದು ಮುಂದಿನಿಂದ ಹಿಂದಕ್ಕೆ. ಪಂಪು ಊದುವುದಿಲ್ಲ, ಹೀರುತ್ತದೆ. ಬೆಳಿಗ್ಗೆ ಎದ್ದು ಪಂಪಿನ ಹಿಂದಿನ ರಬ್ಬರ್ ಪೈಪಿನ ತುಂಡು ಬಿಚ್ಚಿ ಬಾಯಿಟ್ಟೆ. ಊದಿದರೆ ಹೋಗುತ್ತದೆ. ಮೆಲ್ಲಗೆ ಹೀರಿದರೆ ಬರುತ್ತದೆ. ಜೋರಾಗಿ ಹೀರಿದರೆ ಟಕ್ಕಂತ ಬಂದ್. ಬಾಯಿ ತುಂಬ ಪೆಟ್ರೋಲ್ ವಾಸನೆ, ಮುಖದಲ್ಲಿ ನಗು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಏನೂ ಕೇಳದೆ ಒಳಗೆ ಹೋದಳು.

ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆ. ಹೊರಗೆ ಹೊಸದರ ಹೊಳಪು. ಒಳಪದರ ಹಾವಿನ ಪೊರೆಯಂತೆ ಒಂದು ಕಡೆ ಬಿಟ್ಟುಕೊಂಡು ನಾಲಿಗೆಯಾಗಿತ್ತು. ಸಮತಟ್ಟಿನಲ್ಲಿ ಎಳೆತ ಕಡಿಮೆ, ನಾಲಿಗೆ ಮಲಗಿರುತ್ತದೆ. ಏರಿನಲ್ಲಿ ಪಂಪು ಜೋರಾಗಿ ಎಳೆದಾಗ ಎದ್ದು ಬಾಗಿಲು ಹಾಕುತ್ತದೆ. ಗಾಡಿ ನಿಂತು ಎಳೆತ ಇಳಿದರೆ ಮತ್ತೆ ಮಲಗುತ್ತದೆ. ಥೇಟ್ ವೇಪರ್ ಲಾಕ್ ನಾಟಕ. ಈಗಿನ ಇ20, ಅಂದರೆ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಎಥನಾಲ್ ಸಾದಾ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ ಅಂತ ನಮಗೆಲ್ಲ ಗೊತ್ತು. ಅದಕ್ಕೇ ಅಲ್ವಾ ನಾನು ಕೇಳಿ ಕೇಳಿ ತಂದದ್ದು? 'ಇ20 ಸ್ಪೆಷಲ್ ಸಾರ್, ಕಣ್ಮುಚ್ಕೊಂಡ್ ಹಾಕಿ' ಅಂದಿದ್ದ ಅಂಗಡಿಯವನು. ನಾನು ಹಾಗೇ ಕಣ್ಮುಚ್ಚಿಕೊಂಡು ಹಾಕಿದ್ದೆ. ಪೈಪಿನ ಮೇಲೆ ಒಂದಕ್ಷರ ಅಚ್ಚಿರಲಿಲ್ಲ. ಈಗ ಹಾಕಿರುವುದು ಎಸ್‌ಎಇ ಜೆ30 ಆರ್9 ಅಂತ ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು ಅಚ್ಚಿರುವ ಪೈಪು. ಅಡಿಗೆ ನಾಲ್ಕು ಪಟ್ಟು ರೇಟು. ಹೊಟ್ಟೆ ಉರಿದರೂ ಕೊಟ್ಟೆ.

'ಕೆಟ್ಟರೆ, ನೀನು ಕೊನೇಲಿ ಕೈ ಹಾಕಿದ ಜಾಗ ಮೊದಲು ನೋಡು' ಅಂತ ಭಾವ ನೂರು ಸಲ ಹೇಳಿದ್ದರು. ನಾನು ಹೊಸದಾಗಿ ಹಾಕಿದ್ದೊಂದನ್ನು ಬಿಟ್ಟು ಗಾಡಿಯಲ್ಲಿ ಎಲ್ಲವನ್ನೂ ಅನುಮಾನಿಸಿದೆ. ಡೈರಿಯಲ್ಲಿ ಪದ್ಮಿನಿಯ ಪುಟಕ್ಕೆ ಹೋಗಿ ಇದನ್ನು ಬರೆದಿಟ್ಟೆ. ನನ್ನ ಅಕ್ಷರ ಅವರದಕ್ಕಿಂತ ಕೆಟ್ಟದಾಗಿದೆ.

ಮಂಗಳವಾರ ಬೆಳಿಗ್ಗೆ ಅಕ್ಕನನ್ನು ಕೂರಿಸಿಕೊಂಡು ಹೊರಟೆ. ಅವರು ಪಕ್ಕದ ಸೀಟಿನಲ್ಲಿ ಬಾಗಿಲಿಗೆ ಒತ್ತಿಕೊಂಡು ಕೂತರು. ಅಷ್ಟು ಜಾಗ ಇದ್ದರೂ ಯಾಕೆ ಹಾಗೆ ಕೂರುತ್ತಾರೆ ಅಂತ ಆಮೇಲೆ ತಿಳಿಯಿತು: ಗೇರ್ ಹಾಕುವಾಗ ಭಾವನ ಮೊಣಕೈ ಅಗಲಕ್ಕೆ ಬರುತ್ತಿತ್ತು. ಆ ತಿರುವು ಬಂದಾಗ ನಾನು ಉಸಿರು ಹಿಡಿದೆ. ಹುಡುಗ ಎದ್ದು ನಿಂತ. ನಾವು ನಿಲ್ಲಲಿಲ್ಲ. ಅವನು ಚಾಕು ಎತ್ತಿ ಬೀಸಿದ.

ಮೇಲೆ ಗಾಡಿ ಆಫ್ ಮಾಡಿದಾಗ ಅಕ್ಕ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಮಡಚಿಟ್ಟ ಒದ್ದೆ ಬಟ್ಟೆ, ಪಂಪಿಗೆ ಸುತ್ತೋಕೆ. ಇಷ್ಟು ವರ್ಷ ಬೆಟ್ಟಕ್ಕೆ ಬರುವಾಗಲೆಲ್ಲ ತರುತ್ತಿದ್ದರಂತೆ. ಅದನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು ಬಾನೆಟ್ಟಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ಚಾಚಿದರು.

'ತಗೋ, ಕೈ ಒರೆಸ್ಕೋ. ಗ್ರೀಸ್ ಮೆತ್ಕೊಂಡೇ ದೇವಸ್ಥಾನಕ್ಕೆ ಬರ್ತೀಯೇನೋ?'