ಇಬ್ಬರೇ ಇರುವ ಶಾಲೆಯಲ್ಲಿ ರಜೆ

ಈ ಸಲ ಗುರುಸ್ಪಂದನಕ್ಕೆ ಹೋಗಲೇಬೇಕು ಅಂತ ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಶಿಕ್ಷಕರು ತಮ್ಮ ಕಡತದ ಹಿಂದೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅಲೆಯುವ ಬದಲು, ಕಚೇರಿಯವರೇ ಒಂದು ದಿನ ಎಲ್ಲರ ಸೇವಾ ಪುಸ್ತಕ (ನೌಕರಿಯ ಪೂರ್ತಿ ದಾಖಲೆ) ಮುಂದಿಟ್ಟುಕೊಂಡು ಕೂರುವ ಕಾರ್ಯಕ್ರಮ ಅದು. ಬಾಕಿ ಇನ್‌ಕ್ರಿಮೆಂಟು, ಕಾಲಮಿತಿ ಬಡ್ತಿ, ರಜೆಯ ನಮೂದು ಎಲ್ಲವನ್ನೂ ಅಲ್ಲೇ ಕೇಳಬಹುದು. ಶಿಕ್ಷಕರ ಸಂಘದ ಪದಾಧಿಕಾರಿಗಳೂ ಪಕ್ಕದಲ್ಲೇ ಕೂತಿರುತ್ತಾರೆ. ಅವರಿದ್ದರೆ ಕೇಳುವವರಿಗೆ ಧೈರ್ಯ.

ನಮ್ಮದು ಕೋಲಾರ ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆ. ಸುತ್ತ ಮಾವಿನ ತೋಪು. ಮಕ್ಕಳ ಮನೆಮಾತು ಹೆಚ್ಚಾಗಿ ತೆಲುಗು. ಒಂದರಿಂದ ಐದನೇ ತರಗತಿವರೆಗೆ ಇರುವುದು ಇಬ್ಬರೇ ಶಿಕ್ಷಕಿಯರು. ನಲಿಕಲಿ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ಕೋಣೆ, ನನ್ನ ಸಹೋದ್ಯೋಗಿಯದು, ನಾಲ್ಕು ಮತ್ತು ಐದು ನನ್ನದು. ಪ್ರಭಾರ ಮುಖ್ಯ ಶಿಕ್ಷಕಿಯೂ ನಾನೇ. ಹಾಲಿನ ಪುಡಿ, ಮೊಟ್ಟೆ, ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಆನ್‌ಲೈನ್ ಹಾಜರಿ, ಎಲ್ಲವೂ ಪಾಠದ ನಡುವೆಯೇ ಆಗಬೇಕು.

ಸಹೋದ್ಯೋಗಿಯ ಚಿಕ್ಕ ಮಗನಿಗೆ ಕಾಲಿನ ಆಪರೇಷನ್ ಆಗಿತ್ತು. ಎರಡು ತಿಂಗಳು ಹಾಸಿಗೆ ಬಿಟ್ಟು ಏಳಬಾರದು ಅಂತ ಡಾಕ್ಟರು ಹೇಳಿದ್ದರು. ಗಂಡ ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವವರು. ಅತ್ತೆಗೆ ವಯಸ್ಸಾಗಿದೆ, ಮಗುವನ್ನು ಎತ್ತಿ ಕೂರಿಸಲು ಆಗುವುದಿಲ್ಲ. ಹಾಗಾಗಿ ಶಿಶುಪಾಲನಾ ರಜೆಗೆ ಅರ್ಜಿ ಹಾಕಿದರು. ಈ ರಜೆ ರಾಜ್ಯದ ಮಹಿಳಾ ನೌಕರರಿಗೆ ಬಂದಿದ್ದು 2021ರಲ್ಲಿ. ಇಡೀ ಸೇವೆಯಲ್ಲಿ 180 ದಿನ, ಮಗುವಿಗೆ 18 ವರ್ಷ ತುಂಬುವವರೆಗೆ. ಹೆರಿಗೆ ರಜೆಯ 180 ದಿನ ಬೇರೆ, ಇದು ಬೇರೆ. ಎರಡೂ ಒಂದೇ ಅಂದುಕೊಂಡಿರುವ ಶಿಕ್ಷಕಿಯರು ಇವತ್ತಿಗೂ ಇದ್ದಾರೆ.

ಅರ್ಜಿ ಹೋಯಿತು, ವಾಪಸ್ ಬಂತು. ಮೊದಲು ಡಾಕ್ಟರ್ ಸರ್ಟಿಫಿಕೇಟು ಸರಿಯಿಲ್ಲ ಅಂದರು. ಅದನ್ನು ಸರಿ ಮಾಡಿ ಕಳಿಸಿದ ಮೇಲೆ ಬಂದ ಪ್ರಶ್ನೆ ಒಂದೇ ಸಾಲು: ಶಾಲೆಗೆ ಬದಲಿ ವ್ಯವಸ್ಥೆ ಏನು? ಆ ಸಾಲಿಗೆ ಉತ್ತರ ಕೊಡಬೇಕಾದವಳು ಪ್ರಭಾರಿಯಾದ ನಾನು. ಏನಂತ ಬರೆಯಲಿ? ಅಷ್ಟು ದಿನ ಅವರು ಪರಿವರ್ತಿತ ರಜೆ, ಸಿಎಲ್ ಅಂತ ಸೇರಿಸಿ ಹೇಗೋ ತಳ್ಳಿದರು. ಅವರು ಬಾರದ ದಿನ ನಲಿಕಲಿ ಕೋಣೆಯ ಬಾಗಿಲು ತೆರೆದಿಟ್ಟು ನಾನು ಎರಡೂ ಕಡೆ ಓಡಾಡುತ್ತಿದ್ದೆ. ಐದನೇ ತರಗತಿಯ ಹುಡುಗಿಯೊಬ್ಬಳು ಕಾರ್ಡುಗಳನ್ನು ಹಂಚುವಳು. ಪುಟಾಣಿಗಳು ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯ ಪಟದ ಮುಂದೆ ನಿಂತು ತಮ್ಮ ಮೈಲಿಗಲ್ಲು ಹುಡುಕಿಕೊಳ್ಳುವರು. ಕಾರ್ಡು ಸಿಗುತ್ತದೆ, ಆದರೆ ಅದರಲ್ಲಿ ಏನು ಮಾಡಬೇಕು ಅಂತ ಹೇಳುವವರು ಬೇಕಲ್ವಾ? ಒಂದನೇ ತರಗತಿಯ ಮಗು ಒಂದೇ ಕಾರ್ಡನ್ನು ಕೈಯಲ್ಲಿ ಹಿಡಿದು, 'ಮಿಸ್, ಅಯಿಪೋಯಿಂದಿ' ಅಂತ ಬಂದು ನಿಲ್ಲುತ್ತಿತ್ತು. ಮುಗಿದಿರುತ್ತಿರಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಇಬ್ಬರೂ ಸ್ಕೂಟಿಯಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೊರಟೆವು. ಸಭಾಂಗಣ ಆಗಲೇ ತುಂಬಿತ್ತು. ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಪ್ರಕಾರ ಟೇಬಲ್ಲು ಹಾಕಿ, ಸೇವಾ ಪುಸ್ತಕಗಳನ್ನು ಕಟ್ಟು ಕಟ್ಟಾಗಿ ಜೋಡಿಸಿದ್ದರು. ನನ್ನ ಪುಸ್ತಕ ಕೈಗೆ ಬಂದಾಗ ಮೊದಲು ಕಂಡದ್ದು 2009ರಲ್ಲಿ ಕೆಲಸಕ್ಕೆ ಸೇರಿದಾಗ ಅಂಟಿಸಿದ ಫೋಟೊ. ಅಂಚೆಲ್ಲ ಮೇಲೆದ್ದಿತ್ತು. ನಾನು ನೇರವಾಗಿ ಹಿಂದಿನ ಪುಟಗಳಿಗೆ ಹೋದೆ, ರಜೆ ಲೆಕ್ಕ ಇರುವುದು ಅಲ್ಲಿ. ಒಂದು ಕಡೆ ಗಳಿಕೆ ರಜೆ, ಇನ್ನೊಂದು ಕಡೆ ಅರ್ಧ ವೇತನ ರಜೆ. ಪ್ರತಿ ಸಾಲಿನ ಕೊನೆಗೆ ಅಧಿಕಾರಿಯ ಸಣ್ಣ ಸಹಿ. ಕೆಲವು ಸಾಲು ನೀಲಿ ಶಾಯಿ, ಕೆಲವು ಕಪ್ಪು. ಒಂದು ಕಡೆ ಪೆನ್ಸಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ. ಅಲ್ಲಿಂದ ಮುಂದೆ ಖಾಲಿ.

ಈ ಪುಟದ ಬಗ್ಗೆ ಸ್ವಲ್ಪ ಹೇಳಬೇಕು. ಶಿಕ್ಷಕರಿಗೆ ರಜೆ ಜಾಸ್ತಿ ಅಂತ ಊರೆಲ್ಲ ಹೇಳುತ್ತದೆ. ದಸರಾ ರಜೆ, ಬೇಸಿಗೆ ರಜೆ ಇದೆ, ನಿಜ. ಆದರೆ ಅದೇ ಕಾರಣಕ್ಕೆ ಬೇರೆ ನೌಕರರಿಗೆ ವರ್ಷಕ್ಕೆ 30 ದಿನ ಸಿಗುವ ಗಳಿಕೆ ರಜೆ ನಮಗೆ 10 ದಿನ ಮಾತ್ರ. ಜನವರಿಗೆ ಐದು, ಜುಲೈಗೆ ಐದು ಜಮಾ ಆಗುತ್ತದೆ. ಅರ್ಧ ವೇತನ ರಜೆ ವರ್ಷಕ್ಕೆ 20. ನಿವೃತ್ತಿಯ ದಿನ ಗರಿಷ್ಠ 300 ದಿನದ ಗಳಿಕೆ ರಜೆಗೆ ದುಡ್ಡು ಸಿಗುತ್ತದೆ. ವರ್ಷಕ್ಕೆ ಹತ್ತರಂತೆ ಕೂಡಿಡುವವರಿಗೆ ಒಂದೊಂದು ದಿನವೂ ಮುಖ್ಯ. ಇನ್ನೊಂದು ಮಾತೂ ನಿಯಮದಲ್ಲಿದೆ. ಸರ್ಕಾರಿ ಕೆಲಸಕ್ಕೆ ಕರೆದು ನಮ್ಮ ದಸರಾ ರಜೆಯನ್ನೋ ಬೇಸಿಗೆ ರಜೆಯನ್ನೋ ತಪ್ಪಿಸಿದರೆ, ಕಳೆದುಕೊಂಡ ದಿನಗಳಿಗೆ ತಕ್ಕ ಪ್ರಮಾಣದಲ್ಲಿ ಗಳಿಕೆ ರಜೆ ಕೊಡಬೇಕು.

2025ರ ದಸರಾ ರಜೆ ನಮಗೆ ಸಿಗಲೇ ಇಲ್ಲ. ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಮನೆ ಬಾಗಿಲಿನ ಸ್ಟಿಕ್ಕರ್ ಹುಡುಕಿ, 60 ಪ್ರಶ್ನೆ ಕೇಳಿ, ಮೊಬೈಲ್ ಆ್ಯಪ್‌ಗೆ ತುಂಬಬೇಕು. ತೋಪಿನ ಮನೆಗಳಲ್ಲಿ ನೆಟ್‌ವರ್ಕ್ ಇರಲಿಲ್ಲ. ಒಟಿಪಿ ಬರಲಿ ಅಂತ ಮನೆಯವರ ಫೋನನ್ನು ರಸ್ತೆವರೆಗೆ ಹಿಡಿದುಕೊಂಡು ಹೋಗಿದ್ದೇವೆ. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 27ನೇ ಕಲಂ ಏನು ಹೇಳುತ್ತದೆ ಅಂತ ಶಿಕ್ಷಕರಿಗೆಲ್ಲ ಗೊತ್ತು: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇಷ್ಟು ಬಿಟ್ಟು ಬೋಧಕೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು. ಆ ವಾದ ಇನ್ನೊಂದು ದಿನಕ್ಕಿರಲಿ. ಮಾಡಿದ ಕೆಲಸದ ರಜೆಯಾದರೂ ಪುಸ್ತಕಕ್ಕೆ ಏರಬೇಕು. ನನ್ನ ಪುಟದಲ್ಲಿ ಅದು ಇರಲಿಲ್ಲ. ಸಮೀಕ್ಷೆಯ ನೇಮಕಾತಿ ಆದೇಶ, ಬಿಡುಗಡೆ ಪತ್ರ ಎರಡನ್ನೂ ಜೆರಾಕ್ಸ್ ಮಾಡಿಸಿ ಕೊಟ್ಟೆ. ಹಳೆಯ ಖಾಲಿ ಸಾಲುಗಳನ್ನು ಅಲ್ಲೇ ತುಂಬಿದರು, ಸಮೀಕ್ಷೆಯದಕ್ಕೆ ಸ್ವೀಕೃತಿ ಬರೆದುಕೊಟ್ಟರು.

ಊಟದ ನಂತರ ಸಂಘದ ಹಿರಿಯ ಮೇಷ್ಟ್ರೊಬ್ಬರು ಮಾತಿಗೆ ನಿಂತರು. ಮೊದಲು ಸೌಲಭ್ಯಗಳ ಸುದ್ದಿ. ಏಳನೇ ವೇತನ ಆಯೋಗದ ವೇತನ 2024ರ ಆಗಸ್ಟ್‌ನಿಂದ ಬಂದಿದೆ, ನಿಗದಿ ತಪ್ಪಾಗಿದ್ದರೆ ಈಗಲೇ ಹೇಳಿ. 2025ರ ಅಕ್ಟೋಬರ್‌ನಿಂದ ನೌಕರರ ಚಿಕಿತ್ಸಾ ಯೋಜನೆ ಆರೋಗ್ಯ ಸಂಜೀವಿನಿಗೆ ನಮ್ಮಂಥ ಸಿ ಗುಂಪಿನವರ ಸಂಬಳದಲ್ಲಿ ತಿಂಗಳಿಗೆ 350 ರೂಪಾಯಿ ಕಡಿತ, ಅವಲಂಬಿತರ ವಿವರ ಸರಿಯಾಗಿ ತುಂಬದಿದ್ದರೆ ಆಸ್ಪತ್ರೆಯಲ್ಲಿ ಒದ್ದಾಡುತ್ತೀರಿ. 2006ರ ಏಪ್ರಿಲ್ ನಂತರ ಸೇರಿದವರ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ವಿಷಯ ಬಂದಾಗ ಸಭಾಂಗಣದ ಅರ್ಧಕ್ಕೆ ಅರ್ಧ ಜನ ಕೈ ಎತ್ತಿದರು. ಹಳೆ ಪಿಂಚಣಿಯ ಬೇಡಿಕೆ ಬಿಟ್ಟಿಲ್ಲ ಅಂತ ಅವರು ಹೇಳಿದ್ದಕ್ಕೆ ಚಪ್ಪಾಳೆ ಬಿತ್ತು.

ಆಮೇಲೆ ರಜೆಯ ವಿಷಯಕ್ಕೆ ಬಂದರು. 'ಕೆಸಿಎಸ್‌ಆರ್, ಅಂದ್ರೆ ನಮ್ಮ ಸೇವಾ ನಿಯಮಾವಳಿ, ಏನು ಹೇಳುತ್ತೆ? ರಜೆಯನ್ನು ಹಕ್ಕು ಅಂತ ಕೇಳೋಕಾಗಲ್ಲ. ಸಾರ್ವಜನಿಕ ಸೇವೆಯ ಹಿತಕ್ಕಾಗಿ ಮೇಲಧಿಕಾರಿ ನಿರಾಕರಿಸಬಹುದು' ಅಂದರು.

ನನ್ನ ಸಹೋದ್ಯೋಗಿ ಎದ್ದು ನಿಂತರು. ಸಭೆಯಲ್ಲಿ ಮಾತಾಡುವವರಲ್ಲ ಅವರು. 'ಸಾರ್, ನಮ್ಮದು ಇಬ್ಬರೇ ಇರೋ ಶಾಲೆ. ಹಾಗಾದ್ರೆ ನಮಗೆ ಯಾವತ್ತೂ ಸಿಗಲ್ಲ ಅಂತಾನಾ?'

ಮೇಷ್ಟ್ರು ಟೇಬಲ್ಲಿನ ಕಡೆ ನೋಡಿದರು. ಅಲ್ಲಿದ್ದ ಅಧಿಕಾರಿ ಸಮಾಧಾನದಿಂದಲೇ ಹೇಳಿದರು, 'ಕೊಡಬಾರದು ಅಂತ ಏನಿಲ್ಲಮ್ಮ. ನೀವು ಹೋದ್ರೆ ಮಕ್ಕಳಿಗೆ ಯಾರು, ಅಷ್ಟೇ ಪ್ರಶ್ನೆ.'

ಆಗ ನಾನೂ ಎದ್ದೆ. 'ಸಾರ್, ಆ ಶಾಲೆಯ ಪ್ರಭಾರಿ ನಾನು. ನನ್ನ ತಕರಾರಿಲ್ಲ ಅಂತ ಬರೆದುಕೊಡ್ತೀನಿ. ಆದ್ರೆ ಮಕ್ಕಳಿಗೆ ಯಾರು ಅನ್ನೋ ಪ್ರಶ್ನೆಯನ್ನ ಮಗುವಿನ ತಾಯಿಗೆ ಕೇಳಿದ್ರೆ ಅವರೇನು ಹೇಳ್ತಾರೆ? ನನಗೆ ಕೇಳಿದ್ರೂ ನಾನೇನು ಹೇಳಲಿ? ಬದಲಿ ಶಿಕ್ಷಕರನ್ನ ಕೊಡುವ ಅಧಿಕಾರ ನಮ್ಮಿಬ್ಬರಿಗೂ ಇಲ್ಲ.'

ಹಿಂದಿನ ಸಾಲಿನಿಂದ 'ನಮ್ಮಲ್ಲೂ ಅದೇ ಕಥೆ ಸಾರ್' ಅಂತ ಕೂಗಿದರು. ಒಬ್ಬರಾದ ಮೇಲೊಬ್ಬರು. ತಂದೆಯ ತಿಥಿಗೆ ಸಿಎಲ್ ಹಾಕಲು ಪಕ್ಕದ ಶಿಕ್ಷಕಿಯ ಮುಖ ನೋಡಬೇಕಾದ ಮೇಷ್ಟ್ರು. ಹೆಂಡತಿಯ ಹೆರಿಗೆಗೆ ಪಿತೃತ್ವ ರಜೆಯ 15 ದಿನ ಇದ್ದರೂ ಪೂರ್ತಿ ತೆಗೆದುಕೊಳ್ಳದವರು. ಇಬ್ಬರಿರುವ ಶಾಲೆಯಲ್ಲಿ ರಜೆ ಮಂಜೂರು ಮಾಡುವವರು ಕಚೇರಿಯವರಲ್ಲ, ಪಕ್ಕದ ಕೋಣೆಯ ಶಿಕ್ಷಕರು. ಒಬ್ಬರ ರಜೆ ಇನ್ನೊಬ್ಬರ ತಲೆ ಮೇಲೆ ಬೀಳುತ್ತದೆ. ಅದರಿಂದ ಒಳ್ಳೆಯ ಸ್ನೇಹಿತರ ನಡುವೆಯೂ ಮುನಿಸು ಬರುತ್ತದೆ. ಸಂಘ ಹೊಸ ರಜೆಗಳನ್ನು ಕೇಳಿ ಪಡೆಯುವುದು ಒಳ್ಳೆಯದೇ. ಆದರೆ ರಜೆ ಹಾಕಿದವರ ತರಗತಿಗೆ ಹೋಗಲು ಒಂದು ಜೀವ ಇಲ್ಲದಿದ್ದರೆ, ಆದೇಶ ಆದೇಶವಾಗಿಯೇ ಉಳಿಯುತ್ತದೆ. ಕ್ಲಸ್ಟರಿಗೊಬ್ಬ ಮೀಸಲು ಶಿಕ್ಷಕರು ಬೇಕು, ಅವರಿಗೆ ಖಾಯಂ ಹುದ್ದೆ ಬೇಕು. ಇದನ್ನು ನಾನು ಅಲ್ಲಿ ಹೇಳಿದೆ, ಇಲ್ಲೂ ಹೇಳುತ್ತಿದ್ದೇನೆ.

ಕೆಲಸ ಅವತ್ತೇ ಆಯಿತು. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಅವರನ್ನು ಕರೆದು, ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಯಿಂದ ವಾರಕ್ಕೆ ಮೂರು ದಿನ ಒಬ್ಬ ಶಿಕ್ಷಕಿಯನ್ನು ನಮ್ಮಲ್ಲಿಗೆ ನಿಯೋಜಿಸಿದರು. ಅರ್ಜಿ ಮಂಜೂರಾಯಿತು. ಉಳಿದ ಮೂರು ದಿನ ನಾನೊಬ್ಬಳೇ, ಆದರೂ ಮೊದಲಿನಂತಲ್ಲ. ನಿಯೋಜನೆ ಮೇಲೆ ಬಂದವರು ನಲಿಕಲಿ ತರಬೇತಿ ಪಡೆದವರು, ತೆಲುಗೂ ಬರುತ್ತದೆ. ಮಕ್ಕಳು ಬೇಗ ಹೊಂದಿಕೊಂಡರು.

ಸಭೆ ಮುಗಿಯುವ ಹೊತ್ತಿಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಮಾತು ಬಂತು. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಸೇವೆ ಐದು ವರ್ಷಕ್ಕಿಂತ ಜಾಸ್ತಿ ಉಳಿದವರು ಎರಡು ವರ್ಷದಲ್ಲಿ ಟಿಇಟಿ ಪಾಸಾಗಬೇಕು. ನಾನೂ ಆ ಲೆಕ್ಕದಲ್ಲಿ ಬರುತ್ತೇನೆ. ಓದಲು ನನಗೆ ಬೇಸರವಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಅನ್ನುತ್ತದೆ. ಆದರೆ ದೀಕ್ಷಾ ಆ್ಯಪ್‌ನ ಕೋರ್ಸುಗಳನ್ನು ನಾವು ಮುಗಿಸುತ್ತಿರುವುದು ರಾತ್ರಿ ಅಡುಗೆಮನೆಯಲ್ಲಿ, ವಿಡಿಯೊ ಓಡುತ್ತಿರುತ್ತದೆ, ಕೈ ಚಪಾತಿ ಲಟ್ಟಿಸುತ್ತಿರುತ್ತದೆ. ಕಲಿಯಲು ಶಾಲೆಯ ಅವಧಿಯಲ್ಲೇ ಸಮಯ ಬೇಕು. ಅದಕ್ಕೂ ತರಗತಿ ನೋಡಿಕೊಳ್ಳುವವರು ಬೇಕು. ಸುತ್ತಿ ಬಂದರೂ ಮತ್ತೆ ಅದೇ ಮೀಸಲು ಶಿಕ್ಷಕರ ಬಳಿಗೇ ಬರುತ್ತೇವೆ.

ಎಲ್ಲರೂ ಏಳುವಾಗ ಬಾಗಿಲ ಬಳಿ ನಿಂತಿದ್ದ ಅತಿಥಿ ಶಿಕ್ಷಕಿಯೊಬ್ಬರು ಮೇಷ್ಟ್ರ ಹತ್ತಿರ ಬಂದರು. ತುಂಬು ಗರ್ಭಿಣಿ. 'ಸಾರ್, ನಮಗೇನಾದ್ರೂ ಇದೆಯಾ?' ಅಂದರು.

'ಸದ್ಯಕ್ಕೆ ಇಲ್ಲಮ್ಮ. ಕೇಳ್ತಾ ಇದ್ದೀವಿ.'

ಆಕೆ ತಲೆಯಾಡಿಸಿದರು. ನಮ್ಮಷ್ಟೇ ಪಾಠ, ನಮ್ಮಷ್ಟೇ ಮಕ್ಕಳು. ಹೆರಿಗೆಗೆ ಹೋದರೆ ಗೌರವಧನ ನಿಲ್ಲುತ್ತದೆ, ಮುಂದಿನ ವರ್ಷ ಅದೇ ಶಾಲೆಗೆ ಕರೆಯುತ್ತಾರೆ ಅನ್ನುವ ಭರವಸೆಯೂ ಇಲ್ಲ. ಖಾಯಂ ಶಿಕ್ಷಕರ ಸಂಘಕ್ಕೆ ಇದು ಹೊರಗಿನವರ ವಿಷಯ ಅನ್ನಿಸಬಾರದು. ನಾನು ಮತ್ತು ಸಹೋದ್ಯೋಗಿ ಅಲ್ಲೇ ಬೆಂಚಿನ ಮೇಲೆ ಕೂತು, ಸಂಘಕ್ಕೆ ಕೊಡಲು ಬರೆದಿಟ್ಟುಕೊಂಡಿದ್ದ ಮನವಿಗೆ ಇನ್ನೊಂದು ಪ್ಯಾರಾ ಸೇರಿಸಿದೆವು: ಅತಿಥಿ ಶಿಕ್ಷಕಿಯರಿಗೆ ಹೆರಿಗೆ ರಜೆ ಮತ್ತು ಆ ಅವಧಿಯ ಗೌರವಧನ. ಮೊದಲ ಪ್ಯಾರಾ ಮೀಸಲು ಶಿಕ್ಷಕರದ್ದು. ಹೊರಗೆ ಹೋಗುತ್ತಿದ್ದವರನ್ನು ನಿಲ್ಲಿಸಿ ಸಹಿ ಹಾಕಿಸಿದೆವು. ಮೇಷ್ಟ್ರು ಅದನ್ನು ಜಿಲ್ಲಾ ಘಟಕಕ್ಕೆ ತಲುಪಿಸಿದ್ದಾರೆ.

ಮುಂದಿನ ಸಮಾಲೋಚನಾ ಸಭೆಯಲ್ಲಿ ನಮ್ಮ ಕ್ಲಸ್ಟರಿನವರು ರಜೆ ನಿಯಮಗಳಿಗೆ ಒಂದು ಗಂಟೆ ಇಟ್ಟಿದ್ದಾರೆ. ನೀವೂ ಶಿಕ್ಷಕರಾಗಿದ್ದರೆ ನಿಮ್ಮ ಸಭೆಯಲ್ಲಿ ಕೇಳಿ. ಹೋಗುವಾಗ ಸೇವಾ ಪುಸ್ತಕದ ರಜೆ ಪುಟದ ಜೆರಾಕ್ಸು, ದಸರಾ ಸಮೀಕ್ಷೆಯ ಆದೇಶದ ಪ್ರತಿ, ಎಚ್‌ಆರ್‌ಎಂಎಸ್ ವೇತನ ಚೀಟಿ ಜೊತೆಗಿಟ್ಟುಕೊಳ್ಳಿ. ಸಮೀಕ್ಷೆಯ ಗಳಿಕೆ ರಜೆ ಜಮಾ ಆಗಿಲ್ಲದಿದ್ದರೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ.