ಅರಸರಿಲ್ಲದ ಊರಿನ ಅರಮನೆಗಳು

ಕೊಡಗಿನಲ್ಲಿ ಅರಸೊತ್ತಿಗೆ ಮುಗಿದದ್ದು 1834ರ ಏಪ್ರಿಲ್‌ನಲ್ಲಿ. ಹಾಗಿದ್ದರೂ ಡಿಸೆಂಬರ್‌ನ ಒಂದು ಸಂಜೆ ನಾನು ಮಡಿಕೇರಿಯ ರಾಜಾಸೀಟ್ ತಲುಪಿದಾಗ, ಕಮಾನುಗಳ ಆ ಪುಟ್ಟ ಮಂಟಪದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಜನ ಸಾಲುಗಟ್ಟಿದ್ದರು. ಮೈಸೂರಿನಲ್ಲಾದರೆ ದಸರೆಯಲ್ಲಿ ಸಿಂಹಾಸನವೇರುವ ವಂಶಸ್ಥರಿದ್ದಾರೆ. ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ 1971ರಲ್ಲಿ ರದ್ದಾದ ಮೇಲೂ ಅವರನ್ನು ಕಣ್ತುಂಬ ಕಾಣಲು ಜನ ಕಾಯುತ್ತಾರೆ. ಮಡಿಕೇರಿಯಲ್ಲಿ ಹಾಗೆ ಕೈಮುಗಿಯಲು ಯಾರೂ ಇಲ್ಲವಾದ್ದರಿಂದ, ಕೊಡಗನ್ನಾಳಿದ ಹಾಲೇರಿ ಅರಸರ ಮೇಲಿನ ಅಕ್ಕರೆಯೆಲ್ಲ ಕಲ್ಲಿಗೂ ಗೋಡೆಗೂ ಕಥೆಗೂ ಸಲ್ಲುತ್ತಿದೆ.

ಮರುದಿನ ಕೋಟೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಲಿಂಗರಾಜೇಂದ್ರನು ಕಟ್ಟಿಸಿದ ಅರಮನೆ ಬಹುಕಾಲ ಸರ್ಕಾರಿ ಕಚೇರಿಯಾಗಿತ್ತು. ಅಂಗಳದ ಎರಡು ಗಾರೆಯ ಆನೆಗಳನ್ನು ಮಕ್ಕಳು ಸವರಿ ನೋಡುತ್ತಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಗದ್ದಿಗೆ, ಅಂದರೆ ಅರಸರ ಸಮಾಧಿಗಳು. ನಡುವಿನ ಗುಮ್ಮಟದಡಿ ದೊಡ್ಡ ವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿ, ಬಲಕ್ಕೆ ಲಿಂಗರಾಜೇಂದ್ರ ದಂಪತಿ ಮಲಗಿದ್ದಾರೆ. ಗುಮ್ಮಟದ ಮೂಲೆಗಳಲ್ಲಿ ನಂದಿಗಳು ಕುಳಿತಿವೆ. ಕಿಟಕಿಯ ಹಿತ್ತಾಳೆಯ ಸರಳುಗಳನ್ನು ಮುಟ್ಟಿದರೆ ಬೆಳಗಿನ ಮಂಜಿನ ತಣ್ಪು ಅಂಗೈಗೆ ಅಂಟಿಕೊಳ್ಳುತ್ತದೆ. ಅಲ್ಲಿಗೆ ಬಂದ ಪುಟ್ಟ ಹುಡುಗಿಯೊಬ್ಬಳು ತಂದೆಯನ್ನು ಕೇಳಿದಳು:

“ಅಪ್ಪಾ, ಇವರ ಆಮೇಲೆ ರಾಜ ಆದವರು ಎಲ್ಲಿ?”

“ಅವರದು ಇಲ್ಲಿಲ್ಲ ಪುಟ್ಟಾ. ದೂರ ಕಳಿಸಿಬಿಟ್ರು.”

ಅದಕ್ಕಿಂತ ಸರಿಯಾದ ಉತ್ತರವಿಲ್ಲ. ತಂದೆ ಲಿಂಗರಾಜೇಂದ್ರನಿಗೆ ಗದ್ದಿಗೆ ಕಟ್ಟಿಸಿದ ಕೊನೆಯ ಅರಸ ಚಿಕವೀರರಾಜೇಂದ್ರನನ್ನು ಬ್ರಿಟಿಷರು ಕಾಶಿಗೆ ಕಳುಹಿಸಿದರು. 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದ ಆತ 1859ರಲ್ಲಿ ಅಲ್ಲಿಯೇ ತೀರಿಕೊಂಡ. ಗೌರಮ್ಮನಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಕ್ರೈಸ್ತ ದೀಕ್ಷೆ ಕೊಡಿಸಿದಳು; ಇಪ್ಪತ್ತರ ಆಸುಪಾಸಿನಲ್ಲಿಯೇ, 1864ರಲ್ಲಿ, ಆ ಮಗಳೂ ಹೋದಳು. ಇದನ್ನು ಕೇಳಿ ಮರುಗದವರನ್ನು ನಾನು ಕಂಡಿಲ್ಲ. ಆದರೆ ಇದೇ ಅರಸನಿಗೆ ಹೆದರಿ ಒಡಹುಟ್ಟಿದ ದೇವಮ್ಮಾಜಿಯೇ ಗಂಡನೊಡನೆ ಗಡಿ ದಾಟಿ ಬ್ರಿಟಿಷರ ಆಶ್ರಯ ಬೇಡಿದ್ದಳು ಎಂಬುದನ್ನೂ ಹೇಳಬೇಕು. ಅರಸರ ಕಥೆಯನ್ನು ಪ್ರೀತಿಯಿಂದ ಹೇಳುವವರು ಅವರಿಗೆ ಹೆದರಿ ಬದುಕಿದವರನ್ನು ಮರೆತರೆ ಆ ಪ್ರೀತಿ ಅರ್ಧ ಸುಳ್ಳಾಗುತ್ತದೆಂದು ನಾನು ನಂಬುತ್ತೇನೆ.

ಮೂರನೆಯ ದಿನ ನಾಪೋಕ್ಲು ದಾಟಿ, ಕಾಫಿ ಹಣ್ಣು ಕೆಂಪಗಾಗಿದ್ದ ತೋಟಗಳ ನಡುವೆ ಕಕ್ಕಬ್ಬೆಯ ಕಡೆ ಹೊರಟೆ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ನಾಲ್ಕುನಾಡು ಅರಮನೆಯನ್ನು ಮೊದಲ ಬಾರಿ ಕಂಡವರಿಗೆ ಇದೇನು ಅರಮನೆಯೇ ಎನ್ನಿಸುವುದು ಸಹಜ. ಹೊರಗಿನಿಂದ ಅದು ಅನುಕೂಲಸ್ಥರ ದೊಡ್ಡ ಐನ್‌ಮನೆಯ, ಅಂದರೆ ಕೊಡವರ ಕುಲದ ಹಿರಿಯ ಮನೆಯ, ಹಾಗಿದೆ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡ ವೀರರಾಜೇಂದ್ರ ಕಾಡಿನ ಮರೆಯಲ್ಲಿ ಇದನ್ನು ಕಟ್ಟಿಸಿದ. ಒಳಗೆ ಬಣ್ಣದ ಚಿತ್ತಾರಗಳು ಮಾಸಿವೆ; ಬೆಳಕೇ ಹೊಗದ ಕೋಣೆಯೊಂದರಲ್ಲಿ ನಿಂತಾಗ ನನ್ನ ಕೈ ನನಗೇ ಕಾಣಲಿಲ್ಲ. ವೈಭವವನ್ನು ಹುಡುಕಿಕೊಂಡು ಬಂದವನಿಗೆ ಅಲ್ಲಿ ಎದುರಾದದ್ದು ಒಬ್ಬ ಮನುಷ್ಯನ ಎಚ್ಚರ ಮತ್ತು ಅಂಜಿಕೆ. ಕಿರೀಟಕ್ಕಿಂತ ಹೆಚ್ಚಾಗಿ ನಮ್ಮನ್ನು ಈ ದೂರಕ್ಕೆ ಎಳೆದು ತರುವುದು ಅದೇ ಇರಬೇಕು.

ಅಂಗಳದ ಚಿಕ್ಕ ಮಂಟಪದ ಬಳಿ ಹೊಸದಾಗಿ ಮದುವೆಯಾದ ಜೋಡಿಯೊಂದು ಫೋಟೊ ತೆಗೆದುಕೊಡುವಂತೆ ನನ್ನನ್ನು ಕೇಳಿತು. ಅರಸನ ಮದುವೆ ನಡೆದದ್ದು ಇಲ್ಲಿಯೇ, 1796ರಲ್ಲಿ, ಎಂದೆ. “ರಾಣಿಯ ಹೆಸರೇನಂದ್ರಿ ಸರ್?” ಎಂದು ಆಕೆ ಕೇಳಿದಳು. ಹೇಳಿದೆ. “ಮಹದೇವಮ್ಮಾಜಿ” ಎಂದು ಆಕೆ ಮೆಲ್ಲಗೆ ತಾನೂ ಒಮ್ಮೆ ಅಂದು, ಸೆರಗು ಸರಿಮಾಡಿಕೊಂಡು ಗಂಡನ ಪಕ್ಕದಲ್ಲಿ ನಿಂತಳು. ಹೊರಡುವ ಮುನ್ನ ಅವರಿಗೆ ಮಡಿಕೇರಿಯ ಗದ್ದಿಗೆಗೆ ಹೋಗುವ ದಾರಿಯನ್ನು ಬರೆದುಕೊಟ್ಟೆ.